ಪಕ್ಕದ ಮನೆ ಹುಡುಗಿಯ ಡೌಟುಗಳು

ಜೂನ್ 9

ಪ್ರೀತಿಯ ಅಕ್ಕನಿಗೆ,

ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆಂದು ಈ ಹಾಸ್ಟೆಲಿಗೆ ಬಂದು ವಾರವಾಯಿತು. ಫೋನ್ ಮಾಡಲಿಲ್ಲವೆಂದು ಬೈದುಕೊಳ್ಳಬೇಡ. ಬಂದ ದಿನವೇ ಎಲ್ಲರ ಫೋನುಗಳನ್ನೂ ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ತಿಂಗಳಿಗೊಮ್ಮೆ ಹತ್ತು ನಿಮಿಷ ಕೈಗೆ ಕೊಡುತ್ತಾರಂತೆ. ಆ ಹತ್ತು ನಿಮಿಷ ಅಮ್ಮನ ಅಳುವಿಗೇ ಸಾಲದು. ಹಾಗಾಗಿ ನಿನಗೆ ಕಾಗದವೇ ಗತಿ.

ನಮ್ಮ ರೂಮಿನಲ್ಲಿ ನಾಲ್ಕು ಮಂಚ, ಒಂದು ಕಿಟಕಿ. ನನ್ನ ಪಕ್ಕದ ಮಂಚದವಳು ಐದು ವರ್ಷ ನರ್ಸ್ ಆಗಿದ್ದು ಕೆಲಸ ಬಿಟ್ಟು ಬಂದಿದ್ದಾಳೆ. ಎಲ್ಲರೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ಬೆಳಿಗ್ಗೆ ಐದೂವರೆಗೆ ಗಂಟೆ ಹೊಡೆಯುತ್ತದೆ. ಮೊದಲು ರೀಸನಿಂಗ್, ಆಮೇಲೆ ಲೆಕ್ಕ, ಮಧ್ಯಾಹ್ನ ಇಂಗ್ಲಿಷ್, ಸಂಜೆ ಬ್ಯಾಂಕಿಂಗ್ ಜ್ಞಾನ ಮತ್ತು ಕಂಪ್ಯೂಟರ್. ರೀಸನಿಂಗ್ ಮೇಷ್ಟ್ರ ಕೊರಳಲ್ಲಿ ಸದಾ ಸ್ಟಾಪ್‌ವಾಚ್ ನೇತಾಡುತ್ತಿರುತ್ತದೆ. ಪ್ರಶ್ನೆ ಓದಿ ಮುಗಿಸುವ ಮೊದಲೇ "ಟೈಮ್ ಆಯ್ತು" ಅನ್ನುತ್ತಾರೆ.

ಇಲ್ಲಿ ಮೂರು ಬ್ಯಾಚುಗಳಿವೆ. ಎ ಬ್ಯಾಚು ದೊಡ್ಡ ಹಾಲಿನಲ್ಲಿ, ಬಿ ಅದರ ಹಿಂದಿನ ಕೋಣೆಯಲ್ಲಿ, ಸಿ ವರಾಂಡದಲ್ಲಿ. ನಾನು ಎ. ಪ್ರವೇಶ ಪರೀಕ್ಷೆಯಲ್ಲಿ ಮೂರನೆಯವಳು. ಜಂಬ ಎಂದುಕೊಂಡರೂ ಪರವಾಗಿಲ್ಲ, ನಿನ್ನ ಹತ್ತಿರವಲ್ಲದೆ ಇನ್ನಾರ ಹತ್ತಿರ ಕೊಚ್ಚಿಕೊಳ್ಳಲಿ? ನಿನಗೂ ಒಂದು ಕಾಲದಲ್ಲಿ ಈ ಹುಚ್ಚು ಇತ್ತಲ್ಲ. ಈಗ ನೆನೆದರೆ ನಗು ಬರುತ್ತದೆಯೇ?

ಪುಟ್ಟಿಗೆ ಮುತ್ತು.

ನಿನ್ನ ತಂಗಿ


ಜೂನ್ 17

ಪ್ರೀತಿಯ ತಂಗಿಗೆ,

ನಿನ್ನ ಜಂಬ ತಲುಪಿತು. ಇನ್ನೂ ಸ್ವಲ್ಪ ಕಳಿಸು, ಇಲ್ಲಿ ಅದಕ್ಕೆ ಬರವಿದೆ.

ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಭಾವ ವಾರದಲ್ಲಿ ನಾಲ್ಕು ದಿನ ವ್ಯಾನಿನಲ್ಲೇ ಇರುತ್ತಾರೆ. ಮಾವ ಬೆಳಿಗ್ಗೆ ಜೆರಾಕ್ಸ್ ಅಂಗಡಿಯ ಬಾಗಿಲು ತೆಗೆದು ಪೇಪರ್ ಹಿಡಿದು ಕೂತರೆ ಮುಗಿಯಿತು. ಎರಡು ಮಷಿನ್ನುಗಳೂ ಗಿರಾಕಿಗಳೂ ನನ್ನ ಪಾಲಿಗೆ. ಈಗ ಅರ್ಜಿಗಳ ಕಾಲ. ನಿನ್ನಂಥವರು ದಿನಕ್ಕೆ ಐವತ್ತು ಮಂದಿ ಹಳೇ ಪ್ರಶ್ನೆಪತ್ರಿಕೆ ಹಿಡಿದು ಬರುತ್ತಾರೆ. ಮಸಿ ಹತ್ತಿದ್ದು, ಓರೆಯಾಗಿ ಬಂದದ್ದು, ಹಾಳಾದ ಪ್ರತಿಗಳೆಲ್ಲ ಮಷಿನ್ನಿನ ಕೆಳಗೆ ರಾಶಿ ಬೀಳುತ್ತವೆ.

ನಿನ್ನಿಂದ ಒಂದು ಉಪಕಾರವಾಗಬೇಕು. ಪಕ್ಕದ ಮನೆಯಲ್ಲಿ ಒಬ್ಬ ಹುಡುಗಿ ಇದೇ ಪರೀಕ್ಷೆಗೆ ಓದುತ್ತಿದ್ದಾಳೆ. ಕೋಚಿಂಗಿಗೆ ಹೋಗುವ ಹಾಗಿಲ್ಲ. ನೀನು ಓದುತ್ತಿರುವುದು ಗೊತ್ತಾದಾಗಿನಿಂದ ನನ್ನ ಜೀವ ತಿನ್ನುತ್ತಿದ್ದಾಳೆ. ಅವಳ ಡೌಟುಗಳು ಇವು. 7, 8, 18, 57, 232, ಮುಂದಿನದು ಯಾವುದು? ಇನ್ನೊಂದು, ದುಂಡು ಮೇಜಿನ ಸುತ್ತ ಎಂಟು ಜನ, ನಾಲ್ವರು ಒಳಮುಖ, ನಾಲ್ವರು ಹೊರಮುಖ. ಇದನ್ನು ಬೇಗ ಬಿಡಿಸುವುದು ಹೇಗೆ? ಅವಳು ಎಂಟು ಲೋಟ ಜೋಡಿಸಿ ನಾಲ್ಕನ್ನು ಬೋರಲು ಹಾಕಿ ಬಿಡಿಸುತ್ತಾಳಂತೆ.

ನಗು ಬರುತ್ತದೆಯೇ ಎಂದು ಕೇಳಿದ್ದೆ. ಬರುವುದಿಲ್ಲ.

ಅಕ್ಕ


ಜೂನ್ 30

ಅಕ್ಕ,

ಆ ಹುಡುಗಿಗೆ ಹೇಳು: ಒಂದರಿಂದ ಗುಣಿಸಿ ಒಂದು ಕೂಡು, ಎರಡರಿಂದ ಗುಣಿಸಿ ಎರಡು ಕೂಡು, ಹೀಗೇ ಮುಂದೆ. 232ನ್ನು ಐದರಿಂದ ಗುಣಿಸಿ ಐದು ಕೂಡಿದರೆ 1165. ಇದು ಇಲ್ಲಿ ಮೊದಲ ದಿನದ ಪಾಠ. ಇದೇ ಗೊತ್ತಿಲ್ಲವೆಂದರೆ ಅವಳಿಗೆ ಬುನಾದಿಯೇ ಇಲ್ಲ.

ಲೋಟದ ವಿಷಯವನ್ನು ರೂಮಿನಲ್ಲಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪರೀಕ್ಷೆಗೆ ಲೋಟ ಒಯ್ಯಲು ಬಿಡುತ್ತಾರಂತೆಯೇ? ಬಾಣದ ಗುರುತು ಹಾಕಬೇಕು. ಹೇಗೆಂದು ಇನ್ನೊಂದು ಹಾಳೆಯಲ್ಲಿ ಬರೆದಿದ್ದೇನೆ. ಹೊರಮುಖದವರಿಗೆ ಎಡಬಲ ತಿರುಗುಮುರುಗಾಗುತ್ತದೆ, ಅಲ್ಲೇ ಎಲ್ಲರೂ ಎಡವುವುದು. ಗೊತ್ತಿಲ್ಲದ್ದನ್ನು ಮುಟ್ಟಬೇಡ ಎಂದೂ ಹೇಳು, ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ.

ಬೇಸರ ಮಾಡಿಕೊಳ್ಳಬೇಡ, ಒಂದು ಮಾತು. ಕೋಚಿಂಗ್ ಇಲ್ಲದೆ ಇದೆಲ್ಲ ಆಗುವ ಕೆಲಸವಲ್ಲ. ನಮ್ಮ ಡೈರೆಕ್ಟರ್ ಸರ್ ದಿನವೂ ಹೇಳುತ್ತಾರೆ, "ಮನೇಲಿ ಕೂತು ಓದೋರು ಪರೀಕ್ಷೆ ಬರೆಯಲ್ಲ, ಬರೀ ಹಾಜರಿ ಹಾಕ್ತಾರೆ." ಅವಳಿಗೆ ಸುಮ್ಮನೆ ಆಸೆ ಹುಟ್ಟಿಸಬೇಡ.

ತಂಗಿ


ಜುಲೈ 12

ತಂಗಿಗೆ,

ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಬುನಾದಿಯ ಮಾತನ್ನೂ ಹೇಳಿದೆ. ಅವಳು "ಸರಿ, ಹಾಕ್ಕೊಂಡ್ರಾಯ್ತು" ಅಂದಳು. ಬಾಣದ ಗುರುತು ಕಲಿತಿದ್ದಾಳೆ. ಮೊದಲು ಒಂದು ಮೇಜಿಗೆ ಹದಿನಾಲ್ಕು ನಿಮಿಷ ಹಿಡಿಯುತ್ತಿತ್ತು, ಈಗ ಆರು. ಇನ್ನೂ ಹೆಚ್ಚೇ, ಅವಳಿಗೂ ಗೊತ್ತು.

ಅವಳೇ ಕಂಡುಕೊಂಡದ್ದು ಒಂದಿದೆ, ನಿಮ್ಮ ಮೇಷ್ಟ್ರಿಗೆ ತೋರಿಸು. 36ರಲ್ಲಿ ಶೇಕಡಾ 75 ಎಂದರೂ 75ರಲ್ಲಿ ಶೇಕಡಾ 36 ಎಂದರೂ ಒಂದೇ. ಎರಡನೆಯದನ್ನು ಕೇಳಿದರೆ ಗುಣಿಸುತ್ತ ಕೂರುವುದಿಲ್ಲ, 36ರ ಮುಕ್ಕಾಲು, 27 ಎಂದು ಬರೆದು ಮುಂದೆ ಹೋಗುತ್ತಾಳೆ.

ಇಂಗ್ಲಿಷಿನಲ್ಲಿ ಖಾಲಿ ಜಾಗ ತುಂಬುವುದರಲ್ಲಿ ಒದ್ದಾಡುತ್ತಾಳೆ. ಬ್ಯಾಂಕಿನ ಪದಗಳು ಮಾತ್ರ ಬಾಯಿಗೆ ಬಂದಿವೆ. ನಮ್ಮ ಅಂಗಡಿಯಿಂದ ಒಯ್ದ ಹಾಳಾದ ಪ್ರತಿಗಳನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಅವಳ ಅತ್ತೆಗೆ ಅದು ಲೆಕ್ಕವೋ ಮಂತ್ರವೋ ತಿಳಿಯದು, ಎಣ್ಣೆ ಸಿಡಿಯದಿರಲು ಅಂಟಿಸಿದ್ದಾಳೆ ಎಂದುಕೊಂಡಿದ್ದಾರೆ.

ಹೌದು, ಮದುವೆಯಾದವಳು. ಹೇಳಲಿಲ್ಲವೇ? ಮುಂದಿನ ವರ್ಷ ಅವಳಿಗೆ ವಯಸ್ಸು ಮೀರುತ್ತದೆ. ಇದೊಂದೇ ಸಲ.

ಅಕ್ಕ


ಆಗಸ್ಟ್ 18

ಅಕ್ಕ,

ತಡವಾಯಿತು. ಇಲ್ಲಿ ಉಸಿರಾಡಲು ಪುರಸೊತ್ತಿಲ್ಲ. ವಾರಕ್ಕೆರಡು ಟೆಸ್ಟು.

ಬ್ಯಾಚು ಬದಲಾಯಿತು. ಹಿಂದಿನ ಕೋಣೆಯಲ್ಲಿ ಗಾಳಿ ಚೆನ್ನಾಗಿದೆ, ನನಗೂ ಅದೇ ಬೇಕಿತ್ತು.

ಪಕ್ಕದ ಮನೆಯವಳ ಡೌಟು ಇನ್ನು ಸಾಕು. ನನಗೆ ನನ್ನದೇ ಸಾಕಷ್ಟಿವೆ. ಆ ಮುಕ್ಕಾಲಿನ ವಿಷಯವನ್ನು ಮೇಷ್ಟ್ರಿಗೆ ತೋರಿಸಿದೆ. "ಇದನ್ನ ನೀನು ಮೊದಲೇ ಯಾಕೆ ಯೋಚಿಸಲಿಲ್ಲ?" ಎಂದು ಎಲ್ಲರ ಮುಂದೆ ಕೇಳಿದರು.

ತಂಗಿ


ಸೆಪ್ಟೆಂಬರ್ 25

ತಂಗಿಗೆ,

ನೀನು ಸಾಕೆಂದ ಮೇಲೆ ನಾನೂ ಬರೆಯಲಿಲ್ಲ. ಈಗ ಬರೆಯದೆ ವಿಧಿಯಿಲ್ಲ. ಕೂತುಕೊಂಡು ಓದು.

ಪಕ್ಕದ ಮನೆಯಲ್ಲಿ ಹುಡುಗಿ ಇಲ್ಲ. ಅಲ್ಲಿರುವುದು ಒಬ್ಬ ನಿವೃತ್ತ ಬಸ್ ಡ್ರೈವರ್, ಮತ್ತು ಅವರನ್ನು ದಿನವಿಡೀ ಬೈಯುವ ಒಂದು ಗಿಣಿ. ಪರೀಕ್ಷೆಗೆ ಓದುತ್ತಿದ್ದವಳು ನಾನು. ಬರೆದವಳೂ ನಾನು. ನಿನ್ನೆ ಪ್ರಿಲಿಮ್ಸ್ ಫಲಿತಾಂಶ ಬಂತು. ಪಾಸಾಗಿದ್ದೇನೆ.

ಪರೀಕ್ಷೆಯ ಹಿಂದಿನ ದಿನದವರೆಗೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಊಟಕ್ಕೆ ಬಡಿಸುತ್ತ ಹೇಳಿದೆ, "ನಾಳೆ ನಾನು ಅಂಗಡಿಗೆ ಬರಲ್ಲ. ಪರೀಕ್ಷೆ ಇದೆ."

ಮಾವ ತಟ್ಟೆಯಿಂದ ತಲೆಯೆತ್ತಲಿಲ್ಲ. "ಯಾರಿಗೆ?"

"ನಂಗೆ."

"ಯಾಕೆ, ಇಲ್ಲಿ ಏನು ಕಡಿಮೆ ಮಾಡಿದೀವಿ?"

"ಕಡಿಮೆ ಏನೂ ಮಾಡಿಲ್ಲ ಮಾವ. ನಂಗೆ ಬೇಕು, ಅಷ್ಟೆ."

"ಅಂಗಡಿ?"

"ಅಂಗಡಿ ನಿಮ್ಮದಲ್ವಾ. ಒಂದು ದಿನ ನೀವು ನೋಡ್ಕೊಳ್ಳಿ."

"ಆ ದೊಡ್ಡ ಮಷಿನ್ನು ನಂಗೆ ಬರಲ್ಲ."

"ಕಲೀಬಹುದು ಮಾವ. ನಾನೂ ಈ ಮನೆಗೆ ಬಂದ ಮೇಲೇ ಕಲ್ತಿದ್ದು."

ನಿಮ್ಮ ಭಾವ ಒಮ್ಮೆ ಅಪ್ಪನ ಮುಖ, ಒಮ್ಮೆ ನನ್ನ ಮುಖ ನೋಡಿ ಅನ್ನದೊಳಗೆ ಮುಖ ಹುದುಗಿಸಿದರು. ಕೊನೆಗೆ ಬಾಯಿ ಬಿಟ್ಟವರು ಅತ್ತೆ. "ಹೋಗೋದಾದ್ರೆ ಹೋಗು. ಪುಟ್ಟೀನ ನಾನು ನೋಡ್ಕೋತೀನಿ. ಫೇಲಾಗಿ ಬಂದು ಮೂಲೇಲಿ ಅಳ್ತಾ ಕೂತ್ರೆ ಮಾತ್ರ ನಾನು ಸಹಿಸಲ್ಲ."

ಗೇಟಿನಲ್ಲಿ ಕಾವಲಿನವನು ತಡೆದ. "ಜೊತೆಗೆ ಬಂದೋರು ಹೊರಗಡೆ ನಿಲ್ಬೇಕು ಮೇಡಂ." ಪ್ರವೇಶಪತ್ರ ತೋರಿಸಿದೆ. ಅದನ್ನೂ ನನ್ನನ್ನೂ ಎರಡು ಸಲ ನೋಡಿ ದಾರಿ ಬಿಟ್ಟ. ಒಳಗೆ ಒಂದು ಗಂಟೆ, ನೂರು ಪ್ರಶ್ನೆ. ಗೊತ್ತಿಲ್ಲದ್ದನ್ನು ಮುಟ್ಟಲಿಲ್ಲ, ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ ಎಂದು ಕಲಿಸಿದ್ದು ನೀನು.

ಏಳು ವರ್ಷದ ಹಿಂದೆಯೂ ಪ್ರಿಲಿಮ್ಸ್ ಪಾಸಾಗಿದ್ದೆ. ಮೇನ್ಸ್ ಇದ್ದ ದಿನ ಮದುವೆ ಇಟ್ಟರು. ನಿನಗಾಗ ಹದಿನೈದು, ಹೊಸ ಬಟ್ಟೆಯ ಸಂಭ್ರಮದಲ್ಲಿದ್ದೆ. ನಾನೂ ಯಾರಿಗೂ ಎದುರು ಹೇಳಲಿಲ್ಲ. ಈ ಸಲ ಹೇಳಿದೆ.

ನಿನ್ನದು ಏನಾಯಿತು? ಬೇಗ ಬರಿ.

ಅಕ್ಕ


ಅಕ್ಟೋಬರ್ 2

ಅಕ್ಕ,

ನಿನಗೆ ಇದು ತಮಾಷೆ ಇರಬಹುದು, ನನಗಲ್ಲ. ಅವಳಿಗೆ ಬುನಾದಿ ಇಲ್ಲ ಎಂದು ಬರೆದೆ. ಆಸೆ ಹುಟ್ಟಿಸಬೇಡ ಎಂದು ಬರೆದೆ. ಅದನ್ನೆಲ್ಲ ಓದುತ್ತ ನೀನು ಏನೆಂದುಕೊಂಡಿರಬೇಕು? ನನ್ನನ್ನು ಪೆದ್ದಿ ಮಾಡಿಬಿಟ್ಟೆ. ಅಕ್ಕನಿಗೆ ಪಾಠ ಹೇಳಲು ಹೋದ ಪೆದ್ದಿ.

ಮೇನ್ಸ್‌ಗೆ ಚೆನ್ನಾಗಿ ಓದು. ನನ್ನದು ಕೇಳಿದ್ದೀಯ. ನನ್ನದೂ ಆಯಿತು.

ತಂಗಿ


ಅಕ್ಟೋಬರ್ 8

ತಂಗಿಗೆ,

'ನನ್ನದೂ ಆಯಿತು' ಎಂಬುದನ್ನು ಓದಿ ಮಷಿನ್ನಿನ ಮುಂದೆಯೇ ಕುಣಿದೆ. ಗಿರಾಕಿಯೊಬ್ಬರಿಗೆ ಎರಡು ಪ್ರತಿಯ ಬದಲು ಇಪ್ಪತ್ತು ಬಂದವು. ಬೈದುಕೊಂಡೇ ಹೋದರು, ಹೋಗಲಿ.

ನೀನು ಬೈದದ್ದು ಸರಿ. ಆದರೆ ಯಾಕೆ ಮುಚ್ಚಿಟ್ಟೆ ಎಂದು ಕೇಳು. ನಾನೇ ಎಂದು ಗೊತ್ತಾಗಿದ್ದರೆ ನೀನು ಕನಿಕರದಿಂದ ಕಲಿಸುತ್ತಿದ್ದೆ. ಪಾಪ ಅಕ್ಕ, ಎಷ್ಟು ಆಗುತ್ತದೋ ಅಷ್ಟು ಮಾಡಲಿ ಎನ್ನುತ್ತಿದ್ದೆ. ಆ ಹುಡುಗಿಗೆ ನೀನು ಪಾಪ ಎನ್ನಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಮೇನ್ಸ್ ಇಪ್ಪತ್ತೇಳಕ್ಕೆ. ಒಂದೇ ದಿನ ನೀನು ಅಲ್ಲಿ, ನಾನು ಇಲ್ಲಿ. ಕಳೆದ ಆರು ತಿಂಗಳ ಬ್ಯಾಂಕಿಂಗ್ ಸುದ್ದಿಗಳನ್ನೆಲ್ಲ ಕತ್ತರಿಸಿ ಜೋಡಿಸಿದ್ದೆ. ನಿನಗೂ ಒಂದು ಪ್ರತಿ ತೆಗೆದು ಇದರ ಜೊತೆ ಕಳಿಸಿದ್ದೇನೆ. ಮಾವ ಈಗ ಸಣ್ಣ ಮಷಿನ್ನು ಕಲಿತಿದ್ದಾರೆ. ಹಾಳೆ ಸಿಕ್ಕಿಕೊಂಡರೆ ಮಾತ್ರ ನನ್ನ ಹೆಸರು ಹಿಡಿದು ಕೂಗುತ್ತಾರೆ.

ಅಕ್ಕ


ನವೆಂಬರ್ 10

ತಂಗಿಗೆ,

ಮೇನ್ಸ್ ಮುಗಿದು ಎರಡು ವಾರವಾಯಿತು. ನಿನ್ನಿಂದ ಒಂದು ಸಾಲೂ ಇಲ್ಲ. ಹೇಗೆ ಬರೆದೆ? ನನಗೆ ಅಂಕಿಅಂಶಗಳ ಪಟ್ಟಿಗಳು ಕೈಕೊಟ್ಟವು, ಉಳಿದದ್ದು ಪರವಾಗಿಲ್ಲ. ಅಮ್ಮನನ್ನು ಕೇಳಿದರೆ "ಚೆನ್ನಾಗಿದೀನಿ ಅಂದ್ಳು" ಎಂಬುದನ್ನು ಬಿಟ್ಟು ಬೇರೆ ಹೇಳುವುದಿಲ್ಲ. ಇನ್ನೂ ಕೋಪವೇ?

ಅಕ್ಕ


ಡಿಸೆಂಬರ್ 8

ತಂಗಿಗೆ,

ಆಯ್ಕೆಯಾಗಿದ್ದೇನೆ. ಕ್ಲರ್ಕ್ ಹುದ್ದೆ. ಅತ್ತೆಗೆ ಹೇಳಿದಾಗ, "ಹಾಗಾದ್ರೆ ಅಳೋದು ತಪ್ತು" ಅಂದರು. ಆಮೇಲೆ ಒಳಗೆ ಹೋಗಿ ಅವರೇ ಅತ್ತರು.

ಪಟ್ಟಿಯಲ್ಲಿ ನಿನ್ನ ಹೆಸರನ್ನು ಮೂರು ಸಲ ಹುಡುಕಿದೆ. ಸಿಗಲಿಲ್ಲ. ನಿನ್ನ ರೋಲ್ ನಂಬರ್ ಕಳಿಸು, ಇನ್ನೊಮ್ಮೆ ನೋಡುತ್ತೇನೆ.

ಅಕ್ಕ


ಡಿಸೆಂಬರ್ 15

ಪ್ರೀತಿಯ ಅಕ್ಕನಿಗೆ,

ಹುಡುಕಬೇಡ. ನಾನು ಮೇನ್ಸ್ ಬರೆದೇ ಇಲ್ಲ. 'ನನ್ನದೂ ಆಯಿತು' ಎಂದರೆ ನನ್ನ ಕಥೆ ಮುಗಿಯಿತು ಎಂದು. ನೀನು ಬೇರೆ ಅರ್ಥ ಮಾಡಿಕೊಂಡೆ, ನಾನು ತಿದ್ದಲಿಲ್ಲ. ನೀನು ಕಳಿಸಿದ ಸುದ್ದಿಯ ಕಟ್ಟನ್ನು ಇವತ್ತಿಗೂ ಬಿಚ್ಚಿಲ್ಲ.

ಪ್ರಿಲಿಮ್ಸ್‌ನಲ್ಲೇ ಎರಡೂವರೆ ಅಂಕ ಕಡಿಮೆ ಬಿತ್ತು. ಬಿ ಬ್ಯಾಚಿನಿಂದ ವರಾಂಡಕ್ಕೆ ಹಾಕಿದರು. ಅಲ್ಲಿ ಬೋರ್ಡು ಕಾಣುವುದಿಲ್ಲ. ಹಾಲಿನೊಳಗಿನ ಮೈಕಿನ ಸದ್ದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡು ಬರೆದುಕೊಳ್ಳಬೇಕು. ನನ್ನ ಪಕ್ಕದಲ್ಲಿ ಸಿಸ್ಟರ್ ಕೂರುತ್ತಾಳೆ, ಅವಳಿಗೂ ಆಗಲಿಲ್ಲ.

ನಾನು ರೂಮಿನಲ್ಲಿ ಹೇಳಿದ್ದು ಹಬ್ಬಿ, ನಿನ್ನ ವಿಷಯ ಡೈರೆಕ್ಟರ್ ಸರ್‌ಗೆ ಗೊತ್ತಾಗಿದೆ. ಕರೆಸಿ ಕೂರಿಸಿದರು. ಇಷ್ಟು ದಿನದಲ್ಲಿ ಮೊದಲ ಸಲ "ಕೂತ್ಕೋಮ್ಮಾ" ಅಂದರು. ನಿನ್ನ ಫೋಟೋ ಹಾಕಿ, ನಮ್ಮ ಸಂಸ್ಥೆಯ ವಿದ್ಯಾರ್ಥಿನಿ ಎಂದು ಬರೆಸುತ್ತಾರಂತೆ. "ನಿನ್ನ ನೋಟ್ಸ್ ಓದಿ ತಾನೇ ಪಾಸಾಗಿದ್ದು? ನಿನ್ನ ನೋಟ್ಸ್ ಅಂದ್ರೆ ನಮ್ಮ ನೋಟ್ಸ್," ಎನ್ನುತ್ತಾರೆ. ನೀನು ಒಪ್ಪಿದರೆ ನನ್ನನ್ನು ಮತ್ತೆ ಎ ಬ್ಯಾಚಿಗೆ, ಮೊದಲ ಸಾಲಿಗೆ ಹಾಕುತ್ತಾರೆ.

ಒಂದು ಫೋಟೋ, ಅಷ್ಟೇ. ನಿನಗೇನೂ ನಷ್ಟವಿಲ್ಲ. ಹೂಂ ಎಂದು ಬರಿ ಅಕ್ಕ.

ತಂಗಿ


ಡಿಸೆಂಬರ್ 20

ತಂಗಿಗೆ,

ಫೇಲಾದದ್ದನ್ನು ಹೇಳಲಿಲ್ಲವೆಂದು ಕೋಪವಿಲ್ಲ. ಮುಚ್ಚಿಡುವುದನ್ನು ಮೊದಲು ಶುರು ಮಾಡಿದವಳು ನಾನು. ಎರಡೂವರೆ ಅಂಕ ಎಂದರೆ ಎರಡು ಮೂರು ಪ್ರಶ್ನೆ. ಅದನ್ನು ದಾಟುವ ದಾರಿ ನಿನಗೆ ಗೊತ್ತು, ನನ್ನನ್ನು ದಾಟಿಸಿದವಳು ನೀನೇ.

ಫೋಟೋಗೆ ಮಾತ್ರ ಆಗುವುದಿಲ್ಲ.

ಮಾವ ಈಗ ಬೀದಿಯಲ್ಲೆಲ್ಲ "ನಮ್ಮ ಅಂಗಡೀಲಿ ಕೂರಿಸಿ ಓದಿಸ್ದೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಅವರ ಎದುರಿಗೇ ಹೇಳಿದೆ, "ನೀವು ಓದಿಸ್ಲಿಲ್ಲ ಮಾವ. ನಾನು ಓದಿದೆ." ಇದ್ದ ಮನೆಯವರಿಗೇ ಬರೆದುಕೊಡದ್ದನ್ನು ಕಾಣದವರಿಗೆ ಕೊಡಲೇ?

ನಷ್ಟವಿಲ್ಲ ಎನ್ನುತ್ತೀಯ. ನನ್ನ ಮುಖ ನೋಡಿಕೊಂಡು ಯಾವಳೋ ಒಬ್ಬಳು ಮನೆಯಲ್ಲಿ ಹಟ ಹಿಡಿದು ಅಲ್ಲಿಗೆ ಬರುತ್ತಾಳೆ. ಅವಳನ್ನು ವರಾಂಡದಲ್ಲಿ ಕೂರಿಸುತ್ತಾರೆ, ನಿನ್ನನ್ನು ಕೂರಿಸಿದ ಹಾಗೆ. ಆ ಪಾಪಕ್ಕೆ ನನ್ನ ಮುಖ ಬೇಡ. ಮೊದಲ ಸಾಲು ನಿನಗೆ ಬೇಕಾದರೆ ನಿನ್ನ ಅಂಕದಿಂದ ಹಿಡಿ. ನನ್ನಿಂದ ಬೇಡ.

ಕಟುವಾಗಿ ಬರೆದೆ. ಅಳಿಸುವುದಿಲ್ಲ.

ಅಕ್ಕ


ಜನವರಿ 12

ಪ್ರೀತಿಯ ಅಕ್ಕನಿಗೆ,

ಫೋನು ಕೈಗೆ ಬಂದಿದೆ. ಆದರೂ ಬರೆಯುತ್ತಿದ್ದೇನೆ, ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಇದನ್ನು ಪೂರ್ತಿ ಕೇಳಬೇಕು.

ನಿನ್ನ ಒಪ್ಪಿಗೆ ಕೇಳಿ ಬರೆದ ದಿನಕ್ಕೆ ಮೊದಲೇ ನಾನು ಫೋಟೋ ಕೊಟ್ಟುಬಿಟ್ಟಿದ್ದೆ. ಪುಟ್ಟಿಯ ಹುಟ್ಟುಹಬ್ಬದಲ್ಲಿ ನಾವಿಬ್ಬರೂ ನಿಂತು ತೆಗೆಸಿಕೊಂಡದ್ದು. ನೀನು ಹೂಂ ಎನ್ನುತ್ತೀ ಎಂದುಕೊಂಡಿದ್ದೆ. ನಿನ್ನ ಕಾಗದ ಬರುವಷ್ಟರಲ್ಲಿ ಗೇಟಿನ ಮೇಲೆ ಬ್ಯಾನರ್ ಏರಿತ್ತು. 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿ.' ನನ್ನನ್ನು ಕತ್ತರಿಸಿ ತೆಗೆದಿದ್ದರು, ನಿನ್ನ ಪಕ್ಕದಲ್ಲಿ ನನ್ನ ಭುಜದ ಒಂದು ತುಂಡು ಮಾತ್ರ ಉಳಿದಿತ್ತು.

ನಿನ್ನ ಕಾಗದ ಓದಿದ ಮೇಲೂ ಹತ್ತು ದಿನ ಮೊದಲ ಸಾಲಿನಲ್ಲಿ ಕೂತೆ. ಅದನ್ನೂ ಹೇಳಬೇಕು. ಬೋರ್ಡು ಚೆನ್ನಾಗಿ ಕಾಣುತ್ತಿತ್ತು. ತಲೆಗೆ ಏನೂ ಹತ್ತುತ್ತಿರಲಿಲ್ಲ.

ಹೋದ ವಾರ ಹೊಸಬರ ಪ್ರವೇಶದ ದಿನ. ಹಾಲಿನ ತುಂಬ ಅಪ್ಪ ಅಮ್ಮಂದಿರು. ಡೈರೆಕ್ಟರ್ ಸರ್ ಬ್ಯಾನರನ್ನು ಒಳಗೆ ತರಿಸಿ ವೇದಿಕೆಯ ಹಿಂದೆ ಕಟ್ಟಿಸಿದ್ದರು. ನಾನು ಕೂತಿದ್ದ ಬೆಂಚಿನ ಕಡೆಗೇ ಕೈ ತೋರಿಸಿ, "ಈಕೆ ಮದುವೆಯಾದ ಹೆಣ್ಣುಮಗಳು. ಇದೇ ಬೆಂಚಲ್ಲಿ ಕೂತು ಓದಿದ್ರು," ಎಂದರು. ಹಿಂದೆ ಕೂತಿದ್ದ ಹೆಂಗಸೊಬ್ಬರು ಕೈಯೆತ್ತಿ ಕೇಳಿದರು, "ಸರ್, ನನ್ನ ಸೊಸೇನೂ ಸೇರ್ಕೋಬಹುದಾ? ಮಗು ಇದೆ."

ನಾನು ಎದ್ದು ನಿಂತೆ.

"ಸರ್, ಅವರು ನನ್ನಕ್ಕ. ಈ ಬೆಂಚಲ್ಲಿ ಕೂತಿಲ್ಲ. ಈ ಊರಿಗೇ ಬಂದಿಲ್ಲ."

"ನೀನು ಕೂತ್ಕೋ," ಎಂದರು, ನಗುತ್ತಲೇ.

"ಜೆರಾಕ್ಸ್ ಅಂಗಡೀಲಿ ನಿಂತು ಓದಿದ್ದು ಅವರು. ಫೋಟೋ ಕೊಟ್ಟಿದ್ದು ನಾನು. ಅವರನ್ನ ಕೇಳ್ದೇ ಕೊಟ್ಟೆ. ಅವರು ಬೇಡ ಅಂದಿದಾರೆ."

"ನಾವು ಹೇಳಿಕೊಟ್ಟಿದ್ದನ್ನ ತಾನೇ ನೀನು ಬರೆದು ಕಳಿಸಿದ್ದು?"

"ಹೌದು ಸರ್. ಅದೇ ಪಾಠ ಕೇಳಿ ನಾನು ಫೇಲಾದೆ. ನನ್ನ ಫೋಟೋನೂ ಹಾಕಿ."

ಯಾರೋ ನಕ್ಕರು. ನಾನು ಸ್ಟೂಲು ಎಳೆದುಕೊಂಡು ಹತ್ತಿದೆ. ಸ್ಟೂಲು ಅಲ್ಲಾಡುತ್ತಿತ್ತು. ವರಾಂಡದಿಂದ ಸಿಸ್ಟರ್ ಒಳಗೆ ಬಂದು ಗಟ್ಟಿಯಾಗಿ ಹಿಡಿದುಕೊಂಡಳು. ಬ್ಯಾನರಿನ ಎರಡು ಗಂಟು ಬಿಚ್ಚುವಷ್ಟರಲ್ಲಿ ಡೈರೆಕ್ಟರ್ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಇದರ ಪರಿಣಾಮ ಗೊತ್ತಿದೆಯಾ?"

"ಗೊತ್ತು ಸರ್. ಹಾಸ್ಟೆಲ್ ಖಾಲಿ ಮಾಡ್ಬೇಕು."

ಆ ಹೆಂಗಸು ಹೊರಗೆ ನನಗಾಗಿ ಕಾಯುತ್ತಿದ್ದರು. "ಆ ಅಂಗಡಿ ಹುಡುಗಿ ಯಾವ ಪುಸ್ತಕ ಓದಿದ್ಲು, ಬರ್ಕೊಡಮ್ಮ" ಎಂದರು. ಬರೆದುಕೊಟ್ಟೆ. ಬ್ಯಾನರನ್ನು ಮಡಿಸಿ ನನ್ನ ಪೆಟ್ಟಿಗೆಯ ತಳದಲ್ಲಿಟ್ಟಿದ್ದೇನೆ. ಅದನ್ನು ಹರಿಯಲು ನನಗೆ ಕೈ ಬರಲಿಲ್ಲ, ಅದರಲ್ಲಿ ನೀನಿದ್ದೀಯ.

ನಾನು ಮತ್ತು ಸಿಸ್ಟರ್ ಒಂದು ರೂಮು ಹಿಡಿದಿದ್ದೇವೆ. ಅವಳು ಕ್ಲಿನಿಕ್ಕೊಂದರಲ್ಲಿ ಅರ್ಧ ದಿನ ಕೆಲಸಕ್ಕೆ ಸೇರಿದ್ದಾಳೆ. ನಾನು ಪುಸ್ತಕದಂಗಡಿಯಲ್ಲಿ ಮಧ್ಯಾಹ್ನದ ಮೇಲೆ. ರೂಮಿನ ಕೆಳಗೆ ಹೊಲಿಗೆ ಕಲಿಸುವ ಶಾಲೆ, ಹನ್ನೆರಡು ಯಂತ್ರಗಳು ಒಟ್ಟಿಗೆ ಓಡುತ್ತವೆ. "ಈ ಗದ್ದಲದಲ್ಲಿ ಓದೋಕಾಗುತ್ತಾ?" ಎಂದು ಮನೆಯೊಡತಿ ಕೇಳಿದರು. ಪರೀಕ್ಷೆ ಬರೆಯುವಲ್ಲಿ ಇನ್ನೂರು ಕೀಬೋರ್ಡುಗಳ ಸದ್ದಿರುತ್ತದೆ, ಈಗಲೇ ಅಭ್ಯಾಸವಾಗಲಿ ಎಂದೆ.

ಅಪ್ಪ ಅಮ್ಮನಿಗೆ ನಾನೇ ಹೇಳುತ್ತೇನೆ. ನನ್ನನ್ನು ಕರೆದುಕೊಂಡು ಹೋಗಲು ಯಾರೂ ಬರಬೇಡಿ, ನೀನೂ ಬರಬೇಡ. ಹೊಸ ಅಧಿಸೂಚನೆ ಬಂದಿದೆ, ಅರ್ಜಿ ಹಾಕಿದ್ದೇನೆ. ಫೋಟೋ ವಿಷಯಕ್ಕೆ ನಿನಗೆ ಬರಬೇಕಾದ ಕೋಪ ಬಂದೇ ಬರುತ್ತದೆ. ಬಂದರೆ ನುಂಗಿಕೊಳ್ಳಬೇಡ, ಲಕೋಟೆಯ ಮೇಲಿರುವ ಹೊಸ ವಿಳಾಸಕ್ಕೆ ಬರೆದು ಬೈ. ಒಂದು ಸಲವಲ್ಲ, ನಾಲ್ಕು ಸಲ ಪರೀಕ್ಷೆ ಬರೆಯಬೇಕಾಗಿ ಬಂದರೂ ನಾನು ಇಲ್ಲೇ ಇರುತ್ತೇನೆ.

ನಿನ್ನ ತಂಗಿ